ಇಂಗ್ಲಿಷ್‌ನ್ಯಾಗ ‘ರಿ’ ಇಲ್ರಿ

ಸರಕಾರಿ ಸಾಲಿಯಲ್ಲಿ ಕೆಲಸ ಮಾಡುವವರಿಗೆ ನಗೆಯ ಪುಸ್ತಕ ಕೊಂಡು ಓದುವ ಗರಜು ಬೀಳುವುದಿಲ್ಲ. ಬೆಳಿಗ್ಗೆ ಬೀಗ ತೆಗೆದರೆ ಸಾಕು, ಸಂಜೆ ಬೀಗ ಹಾಕುವುದರೊಳಗೆ ಏನಾದರೊಂದು ಆಗಿಯೇ ಆಗುತ್ತದೆ. ನಾನು ಕಲಘಟಗಿ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯ ಅಕ್ಕೋರು. ದುಮ್ಮವಾಡದ ಕಡೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು, ಭತ್ತದ ಗದ್ದೆಯ ಬದಿಗೆ ಒಂದಿಷ್ಟು ನಡೆದರೆ ನಮ್ಮ ಶಾಲೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಸಂತೆಯ ದಿನ ಯಾರಾದರೂ ನನ್ನನ್ನು ಕಾಯಿಪಲ್ಲೆಯ ಮುಂದೆ ನಿಲ್ಲಿಸಿ ಜವಾಬು ಕೇಳುತ್ತಾರೆ.

ಇಂಗ್ಲಿಷ್ ಕಲಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ನನಗೆ ಅದು ಚೆನ್ನಾಗಿ ಬರುತ್ತದೆ ಎಂದಲ್ಲ. ಹೆಡ್ ಮಾಸ್ತರರಿಗೆ ನನಗಿಂತ ಕಡಿಮೆ ಬರುತ್ತದೆ ಎಂದು. ಹೇಗೋ ಹಲಗೆಯ ಮೇಲೆ ಬರೆದು, ಕೂಗಿಸಿ, ಕಾಲ ಹಾಕುತ್ತಿದ್ದೆ. ಅಷ್ಟರಲ್ಲಿ ಯಾರೋ ದಾನಿಗಳು ಒಂದು ದೊಡ್ಡ ಟಿವಿ ಕಳಿಸಿದರು. ಬೆರಳು ಮುಟ್ಟಿಸಿದರೆ ಕೇಳುತ್ತದೆ, ಮಾತಾಡಿದರೆ ಮಾತಾಡುತ್ತದೆ, ಇಂಗ್ಲಿಷ್ ಕಲಿಸುತ್ತದೆ. ನನ್ನ ನೆಮ್ಮದಿ ಅಲ್ಲಿಗೆ ಮುಗಿಯಿತು.

೧. ವಿಭೂತಿ

ಟಿವಿ ಕೊಟ್ಟವರು ಪುಣ್ಯಾತ್ಮರು, ಆದರೆ ಎರಡು ಊರಿಗೆ ಸೇರಿ ಒಂದನ್ನೇ ಕೊಟ್ಟರು. ಒಂದು ನಮ್ಮ ಊರು, ಇನ್ನೊಂದು ಹಳ್ಳದ ಆಚೆಯ ಊರು. ಆಚೆಯ ಶಾಲೆಯ ಹೆಡ್ ಮಾಸ್ತರು ಬೇರೆ ಯಾರೂ ಅಲ್ಲ, ನಮ್ಮ ಹೆಡ್ ಮಾಸ್ತರರ ಹೆಂಡತಿಯ ತಮ್ಮ. ಶಿಕ್ಷಣ ಇಲಾಖೆಯ ಅಧಿಕಾರಿ ಸಾಹೇಬರು ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ತೀರ್ಪು ಕೊಟ್ಟರು.

"ಸದ್ಯ ಟಿವಿ ಇಲ್ಲೇ ಇರ್ಲಿ. ಬ್ಯಾಸಿಗಿ ಸೂಟಿ ಬಿಡೂದ್ರಾಗ ನಾ ಒಮ್ಮೆ ಬಂದು ನೋಡ್ತೀನಿ. ಹುಡುಗ್ರು ಟಿವಿ ಜೋಡಿ ಇಂಗ್ಲಿಷ್ ಮಾತಾಡಿದ್ರ ಇಲ್ಲೇ ಉಳಿತೈತಿ. ಇಲ್ಲಂದ್ರ ಹಳ್ಳಾ ದಾಟ್ತೈತಿ."

ಅವತ್ತಿನಿಂದ ನಮ್ಮ ಹೆಡ್ ಮಾಸ್ತರು ಸೊರಗತೊಡಗಿದರು. "ಅಕ್ಕೋರ, ಟಿವಿ ಹೋದ್ರ ಊರಾಗ ಮರ್ಯಾದಿ ಇಲ್ಲ, ಉಳದ್ರ ಮನ್ಯಾಗ ಊಟಾ ಇಲ್ಲ" ಎಂದು ಮೂಲೆಯಲ್ಲಿ ನಿಂತು ಹೇಳಿಕೊಳ್ಳುತ್ತಿದ್ದರು. ನನಗೆ ಮಾತ್ರ ಆ ಟಿವಿ ಬೇಕೇ ಬೇಕಿತ್ತು. ಗಂಟೆ ಬಾರಿಸಿದರೂ ಮನೆಗೆ ಹೋಗಲು ಒಲ್ಲೆ ಅನ್ನುವ ಮಕ್ಕಳನ್ನು ನಾನು ನನ್ನ ಸರ್ವಿಸ್ಸಿನಲ್ಲಿ ನೋಡಿದ್ದು ಅದು ಬಂದ ಮೇಲೆಯೇ. ಅದು ಹಳ್ಳ ದಾಟುತ್ತದೆ ಎಂದು ನೆನೆಸಿಕೊಂಡರೆ ನನಗೆ ನಿಜವಾಗಿಯೂ ಅಳು ಬರುತ್ತಿತ್ತು.

ಮೊದಲ ದಿನ ಪೂಜೆ ಆಗಬೇಕಲ್ಲ. ಬಿಸಿಯೂಟದ ಅಡಿಗೆ ಅಕ್ಕ ಮಹಾ ಶಿವಭಕ್ತೆ. ತೆಂಗಿನಕಾಯಿಯನ್ನು ಟಿವಿಯ ತಲೆಗೆ ಒಡೆಯಬೇಡ ಎಂದು ನಾವೆಲ್ಲ ಕೈ ಹಿಡಿದು ತಡೆಯುವಷ್ಟರಲ್ಲಿ, ಆಕೆ ಮೂರು ಬೆರಳಿಗೆ ವಿಭೂತಿ ತೊಡೆದುಕೊಂಡು ಪರದೆಯ ಈ ತುದಿಯಿಂದ ಆ ತುದಿಯವರೆಗೆ ಭಕ್ತಿಯಿಂದ ಎಳೆದುಬಿಟ್ಟಳು. ಮತ್ತೆ ಒಮ್ಮೆ ಎಳೆದಳು. ನಡುವೆ ಒಂದು ಕುಂಕುಮದ ಬೊಟ್ಟನ್ನೂ ಒತ್ತಿದಳು. ಟಿವಿ ಅದನ್ನೆಲ್ಲ ಅಪ್ಪಣೆ ಎಂದು ತಿಳಿಯಿತು. ಏನೇನೋ ತೆರೆದು, ಏನೇನೋ ಮುಚ್ಚಿ, ಕೊನೆಗೆ ಪರದೆಯ ಮೇಲಿನ ಅಕ್ಷರಗಳೆಲ್ಲ ಬಲದಿಂದ ಎಡಕ್ಕೆ ಹರಿಯತೊಡಗಿದವು.

"ಉರ್ದೂ ಆತು!" ಎಂದು ಹೆಡ್ ಮಾಸ್ತರು ತಲೆಯ ಮೇಲೆ ಕೈ ಹೊತ್ತರು. ಶಾಲೆಯ ಎದುರಿಗೆ ಟ್ರ್ಯಾಕ್ಟರ್ ರಿಪೇರಿ ಮಾಡುವ ಚಾಚಾ ಇದ್ದಾರೆ. ಊರಿನ ಹಳೆಯ ಮುಸಲ್ಮಾನ ಮನೆತನ. ಅವರನ್ನು ಕರೆಸಿದೆವು. "ಚಾಚಾ, ಸ್ವಲ್ಪ ಓದಿ ಹೇಳ್ರಿ, ಏನ್ ಬರದೈತಿ ಇದರಾಗ? ಎಲ್ಲಿ ಒತ್ತಿದ್ರ ಕನ್ನಡಾ ಬರ್ತೈತಿ?"

ಚಾಚಾ ಕೈಯ ಎಣ್ಣೆ ಒರೆಸಿಕೊಂಡು, ಚಸ್ಮಾ ಏರಿಸಿ, ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹೆಡ್ ಮಾಸ್ತರರನ್ನು ನೋಡಿದರು.

"ಮಾಸ್ತರ್ರ, ನಾ ಕಲತದ್ದು ಇದ ಸಾಲ್ಯಾಗ. ನನಗ ಕಲಿಸಿದವ್ರು ನಿಮ್ಮ ತಂದಿಯವ್ರು. ಅವರೇನ್ ನನಗ ಉರ್ದೂ ಓದಾಕ ಕಲಿಸಿದ್ರೇನು?"

೨. ಕರೆಂಟು

ಕಂಪನಿಯವರಿಗೆ ಫೋನು ಮಾಡಿ ಟಿವಿಯ ಅಕ್ಷರ ಸರಿಮಾಡಿಸಿಕೊಂಡು, ಒಂದರಿಂದ ಐದನೆಯ ತರಗತಿಯವರನ್ನೆಲ್ಲ ಅದರ ಮುಂದೆ ಒಟ್ಟಿಗೆ ಕೂಡಿಸಿದೆವು. ಟಿವಿಯ ಪಾಠದಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಮೋಟು ಕೂದಲು, ಅಗಲ ನಗು. "ಸ್ಟ್ಯಾಂಡ್ ಅಪ್" ಎಂದರೆ ಏಳಬೇಕು, "ಸಿಟ್ ಡೌನ್" ಎಂದರೆ ಕೂಡಬೇಕು. ಮಕ್ಕಳು ಎರಡೇ ದಿನದಲ್ಲಿ ಆಕೆಗೆ 'ಟಿವಿ ಅಕ್ಕೋರು' ಎಂದು ಹೆಸರಿಟ್ಟರು. ನಾನು ಯಾರು ಹಾಗಾದರೆ ಎಂದು ಕೇಳಿದೆ. "ನೀವು ಖರೇ ಅಕ್ಕೋರ್ರಿ. ಅವ್ರು ಇಂಗ್ಲಿಷ್ ಅಕ್ಕೋರ್ರಿ" ಎಂದರು. ಸಮಾಧಾನ ಮಾಡಿಕೊಂಡೆ.

ಆಟಕ್ಕೆ ರಂಗು ಬರಲಿ ಎಂದು ನಾನೇ ಒಂದು ಕಾನೂನು ಮಾಡಿದ್ದೆ: ಟಿವಿ ಅಕ್ಕೋರು ಹೇಳುವ ಮೊದಲು ಕೂತವರು ಔಟ್. ಒಂದು ದಿನ ಟಿವಿ ಅಕ್ಕೋರು "ಸ್ಟ್ಯಾಂಡ್ ಅಪ್!" ಎಂದಳು. ಇಡೀ ಕ್ಲಾಸು ಎದ್ದು ನಿಂತಿತು. ಕರೆಂಟು ಹೋಯಿತು.

"ಕುಂದರ್ರಿ" ಎಂದೆ. ಯಾರೂ ಕೂಡಲಿಲ್ಲ.

"ಸಿಟ್ ಡೌನ್!" ಎಂದೆ. ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನ ಎರಡು ಜಡೆಯ ಹುಡುಗಿ, ನಾಲ್ಕನೆಯ ತರಗತಿಯವಳು, ಕಾನೂನಿನಲ್ಲಿ ಬಲು ಖಡಕ್ಕು. ಅವಳೆಂದಳು, "ನೀವ್ ಹೇಳಿದ್ರ ನಡೆಯೂದಿಲ್ರಿ ಅಕ್ಕೋರ. ನೀವ ಹೇಳೀರಿ."

ಊಟದ ಹೊತ್ತಾಯಿತು. ಅಡಿಗೆ ಅಕ್ಕ ಬಂದು ಇಣುಕಿದಳು. ಮಕ್ಕಳೆಲ್ಲ ಕಾಲು ಬದಲಿಸುತ್ತ ನಿಂತೇ ಇದ್ದವು. ಅನ್ನ ಆರುತ್ತಿತ್ತು. ಹೆಡ್ ಮಾಸ್ತರು ಓಡಿಬಂದು, ಇದು ನಮ್ಮಿಬ್ಬರಿಂದಲೂ ಆಗದ ಕೆಲಸ ಎಂದು ಗೊತ್ತಾಗಿ, ಲೈನ್‌ಮನ್‌ಗೆ ಫೋನು ಹಚ್ಚಿದರು. ಅವನು ಕಂಬದ ಮೇಲಿಂದಲೇ ಮಾತಾಡಿದ. ಫೋನಿನ ದನಿ ನಮಗೆಲ್ಲ ಕೇಳುವಷ್ಟು ಜೋರಾಗಿತ್ತು.

"ಇಷ್ಟ್ಯಾಕ ಅವಸರಾ ಮಾಸ್ತರ್ರ? ತಂತಿ ಹರದೈತಿ, ಸ್ವಲ್ಪ ತಡೀರಿ."

"ಹುಡುಗ್ರು ಆವಾಗಿಂದ ನಿಂತಾವಪಾ!"

"ಕುಂದರ್ಸ್ರಿ ಮತ್ತ!"

"ಕುಂದರ್ಸಾಕ ಕರೆಂಟ್ ಬೇಕೋ ಮಾರಾಯ!"

ಲೈನ್‌ಮನ್ ಇಂದಿಗೂ ನಮ್ಮ ಶಾಲೆಯ ಮುಂದೆ ಹಾಯುವಾಗ ಗಾಡಿ ನಿಲ್ಲಿಸಿ, ಮಕ್ಕಳು ಕೂತಿದ್ದಾರೋ ಇಲ್ಲವೋ ಎಂದು ಕಿಟಕಿಯಲ್ಲಿ ನೋಡಿಯೇ ಹೋಗುತ್ತಾನೆ.

೩. ಎಮ್ಮೆ

ಶಾಲೆಯಲ್ಲಷ್ಟೇ ಇಂಗ್ಲಿಷ್ ಆದರೆ ಸಾಲದು, ಮನೆಯಲ್ಲೂ ಆಗಬೇಕು, ಸಾಹೇಬರು ಬರುವಷ್ಟರಲ್ಲಿ ಮಕ್ಕಳ ನಾಲಿಗೆ ತಿರುಗಬೇಕು ಎಂದು ನಾನು ಪಾಲಕರ ವಾಟ್ಸಾಪ್ ಗುಂಪು ಮಾಡಿದೆ. ಮನೆಯಲ್ಲಿರುವ ಏನಾದರೊಂದರ ಫೋಟೋ ಹಾಕಿ, 'ದಿಸ್ ಈಸ್ ಮೈ' ಎಂದು ಶುರು ಮಾಡಿ ಮೂರು ಮಾತು ಹೇಳಿ, ದನಿ ಕಳಿಸಬೇಕು. ಇದು ಮನೆಗೆಲಸ.

ಮೊದಲು ಬಂದದ್ದು ಒಬ್ಬ ಹುಡುಗನ ಎಮ್ಮೆ. ಫೋಟೋದಲ್ಲಿ ಎಮ್ಮೆ ಚೆನ್ನಾಗಿಯೇ ನಿಂತಿತ್ತು. ಕೆಳಗೆ ಅವನ ದನಿ: "ದಿಸ್ ಈಸ್ ಮೈ ಬಫಲೋ. ಇಟ್ ಈಸ್ ಬ್ಲ್ಯಾಕ್. ಇಟ್ ಗಿವ್ಸ್ ಮಿಲ್ಕ್." ಒಂದೂ ತಪ್ಪಿಲ್ಲ. ನನಗೆ ಹಿಗ್ಗು ತಡೆಯಲಾಗಲಿಲ್ಲ. 'ವೆರಿ ಗುಡ್' ಎಂದು ಬರೆದೆ.

ನನ್ನ ಕೆಳಗೆ ಇನ್ನೊಬ್ಬ ಪಾಲಕರು ಬರೆದರು: "ಎಷ್ಟನೇ ಸೂಲು?"

ಹುಡುಗನ ಅಪ್ಪ: "ಎರಡನೇದು."

ಮತ್ತೊಬ್ಬರು: "ಹೊತ್ತಿಗೆ ಎಷ್ಟ ಹಿಂಡ್ತೈತಿ? ಒದೆಯೂದಿಲ್ಲಲ್ಲ?"

ನಾನು ನಡುವೆ ಬಾಯಿ ಹಾಕಿ, 'ದಯವಿಟ್ಟು ಇಂಗ್ಲಿಷ್ ಚಟುವಟಿಕೆ ಮಾತ್ರ' ಎಂದು ಬರೆದೆ. ಅದಕ್ಕೆ ಒಬ್ಬರು ಮರ್ಯಾದೆಯಿಂದ ಇಂಗ್ಲಿಷಿನಲ್ಲೇ ಬರೆದರು: "ಓಕೆ ಮೇಡಂ. ಬಫಲೋ ಬ್ಯಾಕ್ ಸೈಡ್ ಫೋಟೋ ಸೆಂಡ್." ಹಿಂಬದಿಯ ಫೋಟೋ ಬಂತು. ಕೆಚ್ಚಲಿನ ಫೋಟೋ ಬಂತು. ಹಲ್ಲಿನ ಫೋಟೋ ಬಂತು. ನಾನು ಫೋನು ಬೋರಲು ಹಾಕಿ ಮಲಗಿದೆ.

ಎರಡು ದಿನ ಬಿಟ್ಟು ಹುಡುಗನ ಅಪ್ಪ ಶಾಲೆಯ ಗೇಟಿನಲ್ಲಿ ಪೇಡೆಯ ಪೊಟ್ಟಣ ಹಿಡಿದು ನಿಂತಿದ್ದರು. ಮುಖದಲ್ಲಿ ಸಂತೋಷವೂ ಇತ್ತು, ಸ್ವಲ್ಪ ಸಂಕೋಚವೂ ಇತ್ತು.

"ಅಕ್ಕೋರ, ಹುಡುಗಗ ಆ ಪಾಠಾ ಬದಲ ಮಾಡಿ ಕಲಿಸ್ರಿ. 'ದಿಸ್ ಈಸ್ ಮೈ ಬಫಲೋ' ಬ್ಯಾಡ. 'ದಿಸ್ ವಾಸ್' ಅನ್ರಿ."

೪. ಬ್ಯಾಟರಿ

ಇಷ್ಟಾದರೂ ಟಿವಿಯ ಜೋಡಿ ಮಾತಾಡುವ ಪಾಠ ಇನ್ನೂ ಬಾಕಿ ಇತ್ತು. ಸಾಹೇಬರು ನೋಡಲು ಬರುವುದೇ ಅದನ್ನು. ಟಿವಿ ಒಂದು ಚಿತ್ರ ತೋರಿಸಿ ಪ್ರಶ್ನೆ ಕೇಳುತ್ತದೆ. ಮಗು ಉತ್ತರ ಹೇಳಬೇಕು. ಸರಿಯಾದರೆ 'ಟಿಂಗ್' ಎಂದು ಐದು ನಕ್ಷತ್ರ, ಬಣ್ಣದ ಬಲೂನು. ತಪ್ಪಾದರೆ 'ಟ್ರೈ ಅಗೇನ್'. ಐದು ನಕ್ಷತ್ರ ಬಂದವರಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು ಎಂದು ಟಿವಿ ಅಕ್ಕೋರೇ ಕಲಿಸಿದ್ದಳು.

ಎರಡು ಜಡೆಯವಳನ್ನು ಮೊದಲು ನಿಲ್ಲಿಸಿದೆ. ಕ್ಲಾಸಿನಲ್ಲಿ ಅವಳೇ ಜಾಣೆ. ಪರದೆಯ ಮೇಲೆ ಕ್ರಿಕೆಟ್ ಬ್ಯಾಟು ಬಂತು.

"ವಾಟ್ ಈಸ್ ದಿಸ್?"

"ಬ್ಯಾಟ್ ರಿ!"

ಟಿವಿ ಸ್ವಲ್ಪ ಯೋಚಿಸಿತು. "ಬ್ಯಾಟರಿ! ಟ್ರೈ ಅಗೇನ್" ಎಂದು ಒಂದು ಸೆಲ್ಲಿನ ಚಿತ್ರ ತೋರಿಸಿತು.

ಹುಡುಗಿಗೆ ತನ್ನ ಮರ್ಯಾದೆ ಸಾಲಲಿಲ್ಲ ಅನ್ನಿಸಿರಬೇಕು. ಕೈ ಕಟ್ಟಿಕೊಂಡು, ಕತ್ತು ಬಾಗಿಸಿ, ಇನ್ನೂ ಎಳೆದು ಹೇಳಿದಳು: "ಬ್ಯಾಟ್ ರೀ!"

"ಬ್ಯಾಟರಿ! ಟ್ರೈ ಅಗೇನ್."

ಮುಂದಿನ ಚಿತ್ರ ಮಣ್ಣಿನ ಗಡಿಗೆ. "ಪಾಟ್ ರಿ" ಎಂದಳು. ಕುಂಬಾರಿಕೆಗೆ ಇಂಗ್ಲಿಷಿನಲ್ಲಿ 'ಪಾಟರಿ' ಎನ್ನುತ್ತಾರೆ ಎಂಬುದು ನನಗೂ ಆಗಲೇ ನೆನಪಾದದ್ದು. ಟಿವಿ ಒಬ್ಬ ಕುಂಬಾರನನ್ನು, ಅವನ ತಿಗರಿಯನ್ನು ತೋರಿಸಿತು. ಹುಡುಗಿಯ ಕಣ್ಣಲ್ಲಿ ನೀರು ಬಂತು.

ಅವಳನ್ನು ಹತ್ತಿರ ಕರೆದು ಹೇಳಿದೆ, "ರಿ ಬಿಡವಾ. ಬರೇ ಬ್ಯಾಟ್ ಅನ್ನು."

"ಅಷ್ಟ ದೊಡ್ಡಾಕಿಗೆ ರಿ ಹಚ್ಚದ ಹ್ಯಾಂಗ ಮಾತಾಡೂದ್ರಿ? ನಮ್ಮಾಯಿ ಬಾಯಿ ಮ್ಯಾಲ ಬಡಿತಾಳ್ರಿ." ಆಯಿ ಎಂದರೆ ಅವಳ ಅಜ್ಜಿ.

"ಇಂಗ್ಲಿಷ್‌ನ್ಯಾಗ ರಿ ಇಲ್ಲವಾ."

"ಹಂಗಾರ ಇಂಗ್ಲಿಷ್‌ನವ್ರು ದೊಡ್ಡವ್ರಿಗೆ ಏನಂತಾರ್ರಿ?"

"ಏನೂ ಹಚ್ಚೂದಿಲ್ಲ. ಸಣ್ಣವ್ರಿಗೂ ಅದ, ದೊಡ್ಡವ್ರಿಗೂ ಅದ."

ಹುಡುಗಿ ಟಿವಿಯ ಕಡೆ ತಿರುಗಿ ನೋಡಿದಳು. ಅವಳ ಮುಖದಲ್ಲಿ ಒಂದು ಮರುಕ ಮೂಡಿತು.

"ಪಾಪ, ಅವ್ರ ಮನ್ಯಾಗ ಆಯಿ ಇರೂದಿಲ್ಲೇನ್ರಿ?"

೫. ಬೀಗರು

ಮರುದಿನ ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: 'ಇಂಗ್ಲಿಷಿನಲ್ಲಿ ರಿ ಇಲ್ಲ.' ಪ್ರಾರ್ಥನೆ ಮುಗಿದ ಕೂಡಲೇ ಎಲ್ಲರಿಂದ ಕೂಗಿಸಿದೆ. ವಾರದೊಳಗೆ ಬ್ಯಾಟು ಬ್ಯಾಟೇ ಆಯಿತು, ಗಡಿಗೆ ಗಡಿಗೆಯೇ ಆಯಿತು. ಟಿಂಗ್ ಟಿಂಗ್ ಎಂದು ನಕ್ಷತ್ರಗಳು ಉದುರಿದವು. ಹೆಡ್ ಮಾಸ್ತರು ಬಾಗಿಲಲ್ಲಿ ನಿಂತು ಆ ಸಪ್ಪಳ ಕೇಳಿ ಗೆಲುವಾದರು. ಇನ್ನೇನು ಟಿವಿ ನಮ್ಮದೇ ಎಂದುಕೊಂಡೆವು.

ಒಂದು ಮುಂಜಾನೆ ಆಯಿಯೇ ಬಂದಳು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಮ್ಮಗಳ ಒಂದು ಜಡೆಯನ್ನು ಕೈಯಲ್ಲಿ ಹಿಡಿದು ಬಂದಳು. ಬಂದ ರಭಸ ನೋಡಿ ಹೆಡ್ ಮಾಸ್ತರು ಅಡಿಗೆ ಕೋಣೆಗೆ ಹೋದರು.

"ಏನ್ ಕಲಸಾಕತ್ತೀರಿ ಅಕ್ಕೋರ ಸಾಲ್ಯಾಗ? ನಿನ್ನಿ ಈಕಿ ಅಕ್ಕನ್ನ ನೋಡಾಕ ಬೀಗರು ಬಂದಿದ್ರು. ಶಲವಡಿಯಿಂದ. ರುಂಬಾಲ ಸುತ್ತಿದ ಹಿರ್ಯಾರು. ಅಂಥವ್ರ ಮುಂದ ಈಕಿ ಬಾಗಲದಾಗ ನಿಂತು ಏನಂದ್ಲು ಗೊತ್ತೈತಿ? 'ಬಾ. ಕುಂದ್ರು. ಚಾ ಕುಡಿ.'"

"ಯಾಕವಾ ಹಂಗಂದಿ?" ಎಂದು ಹುಡುಗಿಯನ್ನು ಕೇಳಿದೆ.

ಅವಳಿಗೆ ತನ್ನ ತಪ್ಪೇನೆಂದೇ ತಿಳಿದಿರಲಿಲ್ಲ. "ನಾ ಅವ್ರ ಜೋಡಿ ಇಂಗ್ಲಿಷ್ ಮಾತಾಡಿದ್ನಿರಿ!"

ರಿ ತೆಗೆದರೆ ಇಂಗ್ಲಿಷ್ ಆಗುತ್ತದೆ ಎಂದು ಇಡೀ ಕ್ಲಾಸು ತಿಳಿದುಕೊಂಡಿತ್ತು. ನಾನು ಆಯಿಗೆ ಕೈ ಮುಗಿದು, ಹೀಗೆ ಹೀಗೆ ಎಂದು ಬಿಡಿಸಿ ಹೇಳಿದೆ. ಪುಣ್ಯಕ್ಕೆ ಬೀಗರು ನಕ್ಕು, ಹುಡುಗಿ ಚೂಟಿ ಇದ್ದಾಳೆ ಎಂದು ಹೊಗಳಿ, ಚಹಾ ಕುಡಿದೇ ಹೋಗಿದ್ದರಂತೆ. ಆಯಿ ಎಲ್ಲ ಕೇಳಿಸಿಕೊಂಡು ಜಡೆ ಬಿಟ್ಟಳು. ಗೇಟಿನ ತನಕ ಹೋಗಿ ತಿರುಗಿ ನಿಂತಳು.

"ಇದಕ್ಕ ಇಂಗ್ಲಿಷ್ ಅನ್ನೂದಾದ್ರ, ಅಕ್ಕೋರ, ನಮ್ಮ ಎತ್ತಿನ ಜೋಡಿ ನಾವು ದಿನಾ ಇಂಗ್ಲಿಷ್ ಮಾತಾಡ್ತೀವಿ ಬಿಡ್ರಿ!"

೬. ಸಾಹೇಬರು

ಅವರು ಬಂದದ್ದು ಸೂಟಿಗೆ ಸ್ವಲ್ಪ ಮೊದಲು, ಬಿಸಿಲು ಚುರುಗುಟ್ಟುತ್ತಿದ್ದ ಒಂದು ದಿನ. ಮುಂದೆ ಸಾಹೇಬರ ಜೀಪು. ಅದರ ಹಿಂದೆ ಒಂದು ಗೂಡ್ಸ್ ಟೆಂಪೋ. ಟೆಂಪೋದಿಂದ ನಮ್ಮ ಹೆಡ್ ಮಾಸ್ತರರ ಹೆಂಡತಿಯ ತಮ್ಮ ಇಳಿದರು. ಅವರ ಹೆಗಲ ಮೇಲೆ ನಾಲ್ಕು ಮಡಿಕೆ ಮಾಡಿದ, ಹೊದೆಯುವ ದಪ್ಪ ಕೌದಿ.

"ಈ ಬ್ಯಾಸಿಗ್ಯಾಗ ಕೌದಿ ಯಾಕಪಾ?" ಎಂದರು ನಮ್ಮ ಹೆಡ್ ಮಾಸ್ತರು, ಗೊತ್ತಿದ್ದೂ ಗೊತ್ತಿದ್ದೂ.

"ದಾರ್ಯಾಗ ಟಿವಿಗೆ ಪೆಟ್ಟು ಬೀಳಬಾರದಲ್ರಿ ಮಾಮಾರ."

ಸಾಹೇಬರು ಕೆಟ್ಟವರಲ್ಲ. ನವಲಗುಂದದ ಕಡೆಯವರು, ಬಾಯಿ ಸ್ವಲ್ಪ ಒರಟು. ಶಾಲೆಯ ಒಳಗೆ ಕಾಲಿಟ್ಟರೆ ಅವರ ಎಲ್ಲ ಮಾತೂ 'ಏನ್ರಿ' ಎಂದೇ ಶುರುವಾಗುತ್ತದೆ. "ಏನ್ರಿ, ನೀರಿನ ಟಾಕಿ ತೊಳದೀರೇನು? ಏನ್ರಿ, ಹುಡುಗ್ರು ಬರೊಬ್ಬರಿ ಬರಾಕತ್ತಾರೇನು?" ಎಂದು ಕೇಳುತ್ತ ಬಂದು, ಕುರ್ಚಿಯಲ್ಲಿ ಕೂತು, ಟಿವಿಯನ್ನು ಒಮ್ಮೆ ಕೌದಿಯನ್ನು ಒಮ್ಮೆ ನೋಡಿದರು. ಟಿವಿ ಆಮೇಲೆ, ಮೊದಲು ಯಾರಾದರೂ ಇಂಗ್ಲಿಷಿನಲ್ಲಿ ತಿಂಗಳ ಹೆಸರು ಹೇಳಲಿ ಎಂದರು.

ನನಗೆ ಧೈರ್ಯ ಬಂತು. ತಿಂಗಳು ನಮ್ಮ ಮಕ್ಕಳಿಗೆ ಮೊದಲಿನಿಂದಲೂ ಬಾಯಿಪಾಠ. ಎರಡು ಜಡೆಯವಳು ಎದ್ದು ನಿಂತು ಸ್ಪಷ್ಟವಾಗಿ ಶುರು ಮಾಡಿದಳು.

"ಜನವ. ಫೆಬ್ರವ. ಮಾರ್ಚ್. ಏಪಲ್. ಮೇ. ಜೂನ್..."

ಡಿಸೆಂಬರ್ ಮುಟ್ಟಿಯೇ ನಿಂತಳು. ಸಾಹೇಬರು ನನ್ನ ಕಡೆ ತಿರುಗಿದರು.

"ಏನ್ರಿ ಅಕ್ಕೋರ, ಮಾರ್ಚ್ ಆದಮ್ಯಾಲ ಆಪಲ್ ಎಲ್ಲಿಂದ ಬಂತು?"

ಹುಡುಗಿಯೇ ಉತ್ತರ ಕೊಟ್ಟಳು. "ಏಪ್ರಿಲ್ ನಡುವ ಒಂದ ರಿ ಅಡಗಿ ಕುಂತಿತ್ರಿ ಸರ್. ಅದನ್ನ ತಗದ ಒಗದೇನ್ರಿ."

"ಯಾಕ?"

"ಇಂಗ್ಲಿಷ್‌ನ್ಯಾಗ ರಿ ಇಲ್ರಿ."

ಅದನ್ನು ಕೇಳಿದ್ದೇ ತಡ, ದಿನಾ ಮುಂಜಾನೆಯ ರೂಢಿಯಂತೆ ಇಡೀ ಕ್ಲಾಸು ಕೂಗಿತು: "ಇಂಗ್ಲಿಷಿನಲ್ಲಿ ರಿ ಇಲ್ಲ!"

ನಾನು ಹುಡುಗಿಯ ಹತ್ತಿರ ಬಾಗಿ, "ಸಾಹೇಬ್ರಿಗೆ ಸಾರಿ ಅನ್ನು" ಎಂದು ಪಿಸುಗುಟ್ಟಿದೆ. ಅವಳು ಸಾರಿಯ 'ರಿ'ಯನ್ನೂ ಮರ್ಯಾದೆಯ 'ರಿ'ಯನ್ನೂ ಮನಸ್ಸಿನಲ್ಲಿ ತೂಗಿ ನೋಡಿ, ಎರಡನ್ನೂ ಬಿಟ್ಟು, ಕೈ ಮುಗಿದು, ಗಟ್ಟಿಯಾಗಿ ಹೇಳಿದಳು:

"ಸಾ, ಸರ್!"

ಹಿಂದೆ ಕೌದಿ ಬಿಚ್ಚುವ ಸಪ್ಪಳ ಕೇಳಿಸಿತು. ಆಚೆಯ ಹೆಡ್ ಮಾಸ್ತರು ಅದನ್ನು ನೆಲದ ಮೇಲೆ ಹಾಸಿ, ಟಿವಿಯ ಉದ್ದ ಅಗಲ ಕಣ್ಣಲ್ಲೇ ಅಳೆಯುತ್ತಿದ್ದರು. ತಪ್ಪು ಮಕ್ಕಳದಲ್ಲ, ನಾನು ಹೇಳಿದ್ದನ್ನು ಅವು ಒಂದು ಅಕ್ಷರ ಬಿಡದೆ ನಡೆಸಿದ್ದವು. ನಮ್ಮ ಹೆಡ್ ಮಾಸ್ತರು ಕೊನೆಯ ಪ್ರಯತ್ನ ಮಾಡಿದರು. "ಸಾಹೇಬ್ರ, ನೀವ್ ಹೇಳಿದ್ದು ಟಿವಿ ಜೋಡಿ ಮಾತಾಡೂದಲ್ರಿ? ಅದನ್ನ ಅಗದಿ ಚಲೋ ಮಾಡ್ತಾರ್ರಿ. ಒಮ್ಮೆ ನೋಡೇಬಿಡ್ರಿ" ಎನ್ನುತ್ತ ಟಿವಿ ಹಚ್ಚಿದರು.

ಟಿವಿ ಅಕ್ಕೋರು ನಗುತ್ತ ಬಂದಳು. "ಹಲೋ! ವಾಟ್ ಈಸ್ ಯುವರ್ ನೇಮ್?"

ಇದಕ್ಕಿಂತ ಸಸಾರದ ಪ್ರಶ್ನೆ ಇಲ್ಲ. ಆದರೆ ಎರಡು ಜಡೆಯವಳು ಬಾಯಿ ತೆರೆದವಳು ಹಾಗೆಯೇ ನಿಂತಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಹಲಗೆಯನ್ನು ನೋಡಿದಳು. ಅವಳಿಗೆ ಏನಾಗಿದೆ ಎಂದು ನನಗೆ ತಟ್ಟನೆ ಹೊಳೆಯಿತು. ಹುಡುಗಿಯ ಹೆಸರು ಗೌರಿ. ರಿ ಇಟ್ಟುಕೊಂಡರೆ ಇಂಗ್ಲಿಷ್ ಕೆಡುತ್ತದೆ, ರಿ ಬಿಟ್ಟರೆ ಹೆಸರು ಕೆಡುತ್ತದೆ. ಅವಳು ಹೇಳದೆ ಉಳಿದವರು ಹೇಳುವುದಿಲ್ಲ.

ಟಿವಿ ಮತ್ತೆ ಕೇಳಿತು. "ವಾಟ್ ಈಸ್ ಯುವರ್ ನೇಮ್?"

ಸಾಹೇಬರ ತಾಳ್ಮೆ ತೀರಿತು. ಕುರ್ಚಿಯಿಂದ ಎದ್ದು, ನನ್ನ ಮುಂದೆ ಬಂದು ಗುಡುಗಿದರು: "ಏನ್ರೀ!"

ಟಿಂಗ್!

ಪರದೆಯ ತುಂಬ ಬಲೂನು ಹಾರಿದವು. ಐದು ನಕ್ಷತ್ರ ಸಾಲಾಗಿ ಮಿನುಗಿದವು. ಟಿವಿ ಅಕ್ಕೋರು ಎಂದಿಲ್ಲದ ಪ್ರೀತಿಯಿಂದ ಹೇಳಿದಳು: "ಹಲೋ, ಹೆನ್ರಿ! ಎಕ್ಸಲೆಂಟ್!"

ಸಾಹೇಬರು ಟಿವಿಯ ಕಡೆ ತಿರುಗಿದರು. "ಏನ್ರಿ ಇದು?"

ಟಿಂಗ್! "ನೈಸ್ ಟು ಮೀಟ್ ಯು, ಹೆನ್ರಿ!"

ಮಕ್ಕಳು ಚಪ್ಪಾಳೆ ತಟ್ಟಿದರು. ಕುಚೋದ್ಯವಲ್ಲ, ಐದು ನಕ್ಷತ್ರ ಬಂದವರಿಗೆ ತಟ್ಟಬೇಕಲ್ಲ, ಅದಕ್ಕೆ. ನಾನು ತೊದಲುತ್ತ ವಿವರಿಸಿದೆ: "ಸಾಹೇಬ್ರ, ಅದಕ್ಕ ನಿಮ್ಮ ಹೆಸರು ಹೆನ್ರಿ ಅಂತ ಕೇಳಿಸೇತ್ರಿ. ಇಂಗ್ಲಿಷ್‌ನವರ ಹೆಸರ್ರಿ ಅದು."

ನಮ್ಮ ಹೆಡ್ ಮಾಸ್ತರು ಕಿಟಕಿಯ ಹೊರಗಿನ ಬೇವಿನ ಗಿಡವನ್ನು ಹಿಂದೆಂದೂ ನೋಡಿಲ್ಲದವರಂತೆ ನೋಡುತ್ತ ನಿಂತುಬಿಟ್ಟರು. ಭುಜ ಮಾತ್ರ ಕುಣಿಯುತ್ತಿತ್ತು. ಆದರೆ ಅವರ ಹೆಂಡತಿಯ ತಮ್ಮನಿಗೆ ಅಷ್ಟು ತಡೆ ಇರಲಿಲ್ಲ. ಟಿವಿ ಹೇಗೂ ತನ್ನದೇ ಎಂಬ ಖಾತ್ರಿಯಲ್ಲಿದ್ದ ಮನುಷ್ಯ, "ಹೆನ್ರಿ! ಯವ್ವಾ, ಹೆನ್ರಿ!" ಎನ್ನುತ್ತ ತಾನೇ ಹಾಸಿದ ಕೌದಿಯ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನ್ರಿ, ಏನ್ ನಗ್ತೀರಿ?" ಎಂದರು ಸಾಹೇಬರು.

ಟಿಂಗ್! "ಹೌ ಆರ್ ಯು ಟುಡೇ, ಹೆನ್ರಿ?"

ಕೌದಿಯ ಮೇಲಿದ್ದವರು ಪೂರಾ ಮಲಗಿಬಿಟ್ಟರು. ಸಾಹೇಬರ ಕಿವಿ ಕೆಂಪಾಯಿತು. ಅಷ್ಟರಲ್ಲಿ ಒಂದನೆಯ ತರಗತಿಯ ಒಂದು ಸಣ್ಣ ಕೂಸು ಸಾಲಿನಿಂದ ಎದ್ದು ಬಂದು, ಅವರ ಅಂಗಿಯ ತುದಿ ಜಗ್ಗಿ, ಮುಖ ಎತ್ತಿ ಹೇಳಿತು:

"ಸರ್, ನಿಮಗ ಇಂಗ್ಲಿಷ್ ಅಗದಿ ಚಲೋ ಬರ್ತೈತ್ರಿ."

ಸಾಹೇಬರು ಆ ಕೂಸನ್ನು ನೋಡಿದರು. ಚಪ್ಪಾಳೆ ತಟ್ಟುತ್ತಿದ್ದ ಮಕ್ಕಳನ್ನು ನೋಡಿದರು. ಮೀಸೆಯ ತುದಿ ಅಲುಗಿತು. "ಅಕ್ಕೋರ, ನಾನೂ ಕನ್ನಡ ಸಾಲ್ಯಾಗ ಕಲತಾಂವ" ಎಂದರು, ದನಿ ಇಳಿಸಿ. "ಇಷ್ಟ ವರ್ಷದಾಗ ನನ್ನ ಇಂಗ್ಲಿಷ್‌ಗೆ ಯಾರೂ ಚಪ್ಪಾಳಿ ತಟ್ಟಿದ್ದಿಲ್ಲ ಬಿಡ್ರಿ." ಆಮೇಲೆ ಕೌದಿಯ ಕಡೆ ಬೆರಳು ಮಾಡಿದರು.

"ಏಳ್ರಿ ಮಾಸ್ತರ್ರ. ಕೌದಿ ಮಡಚ್ರಿ. ತಪ್ಪು ಮಾತಾಡಿದವ್ರನ್ನ ನೋಡಿ ನೀವು ಹಿಂಗ ಬಿದ್ದು ನಗೂವಂಗಿದ್ರ ನಿಮ್ಮ ಸಾಲ್ಯಾಗ ಯಾವ ಹುಡುಗ ಬಾಯಿ ತಗೀತಾನ? ಇಲ್ಲಿ ಹುಡುಗ್ರು ರಿ ತಪ್ಪಿದ್ರೂ ಹೆದರಲಾರ್ದ ಮಾತಾಡ್ತಾವ. ಟಿವಿ ಇಲ್ಲೇ ಇರ್ಲಿ."

ನನಗೆ ಅಳು ಬಂತು, ನಗುವೂ ಬಂತು, ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡೆ. ನಮ್ಮ ಹೆಡ್ ಮಾಸ್ತರು ಹಲ್ಲು ಬಿಟ್ಟು ನಕ್ಕವರು, ಮನೆಯ ನೆನಪಾಗಿ ಥಟ್ಟನೆ ಬಾಯಿ ಮುಚ್ಚಿದರು. ಆಚೆಯ ಹೆಡ್ ಮಾಸ್ತರು ಕೌದಿ ಹೊತ್ತು ಟೆಂಪೋದ ಕಡೆ ಹೋದರು.

ಸಾಹೇಬರನ್ನು ಕಳಿಸಲು ಮಕ್ಕಳು ಜೀಪಿನ ತನಕ ಸಾಲಾಗಿ ಬಂದರು. ಹೋಗುವವರನ್ನು ಹೆಸರು ಹಿಡಿದು ಬೀಳ್ಕೊಡಬೇಕು ಎಂದು ಟಿವಿ ಅಕ್ಕೋರು ಕಲಿಸಿದ್ದಾಳೆ. ಸಾಹೇಬರ ಹೆಸರು ಈಗ ಎಲ್ಲರಿಗೂ ಗೊತ್ತಾಗಿತ್ತು. ಗೌರಿ ಮುಂದೆ ನಿಂತು ತುಟಿಯೊಳಗೆ ಏನೋ ಲೆಕ್ಕ ಹಾಕುತ್ತಿದ್ದಳು. ಹೆಸರು ಇಂಗ್ಲಿಷ್‌ನವರದು. ಕೊನೆಯಲ್ಲಿ ಒಂದು ರಿ ಇದೆ. ನನಗೆ ಇದು ಹೊಳೆದು ಬೇಡ ಎಂದು ಕೈ ಎತ್ತುವಷ್ಟರಲ್ಲಿ ಹೊತ್ತು ಮೀರಿತ್ತು.

"ಥ್ಯಾಂಕ್ ಯು, ಹೆನ್ ಸರ್!" ಎಂದಳು ಗೌರಿ.

"ಬಾಯ್ ಬಾಯ್, ಹೆನ್ ಸರ್!" ಎಂದಿತು ಇಡೀ ಶಾಲೆ.

ಸಾಹೇಬರ ಒಂದು ಕಾಲು ಜೀಪಿನ ಒಳಗಿತ್ತು, ಒಂದು ನೆಲದ ಮೇಲಿತ್ತು. ಹಾಗೆಯೇ ನಿಂತು ನನ್ನ ಕಡೆ ತಿರುಗಿದರು. "ಅಕ್ಕೋರ, ಹೆನ್ ಅಂದ್ರು? ಹೆನ್ ಅಂದ್ರ..."

ಅದು ಇಂಗ್ಲಿಷಿನಲ್ಲಿ ಪ್ರೀತಿಯಿಂದ ಕರೆಯುವ ಮಾತು ಎಂದು ಹೇಳಿಬಿಡಲು ನಾನು ಬಾಯಿ ತೆರೆದೆ. ಆದರೆ ಮಕ್ಕಳು ನನಗಿಂತ ಚುರುಕು. ಪ್ರಶ್ನೆ ಬಿದ್ದದ್ದೇ ತಡ, ಒಂದನೆಯ ತರಗತಿಯಿಂದ ಐದನೆಯದರ ತನಕ ಎಲ್ಲರೂ ಕೂಡಿ, ಒಂದೂ ತಪ್ಪಿಲ್ಲದೆ, ಒಂದೇ ದನಿಯಲ್ಲಿ ಹೇಳಿದರು:

"ಹೆನ್ ಮೀನ್ಸ್ ಕೋಳಿ!"